ಬಾಣಲೆಯಲ್ಲಿ ಒಂದು ನೇರ ಗೆರೆ

"ಅಲ್ಲೇ ನಿಲ್ಲಿ ಮೇಷ್ಟ್ರೇ! ಆ ಗೆರೆ ತುಳೀಬೇಡಿ!"

ಗಾರೆ ಮೇಷ್ಟ್ರು ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಹಿಡಿದು ಕೊಕ್ಕರೆಯಂತೆ ನಿಂತರು. ಬಾಣಲೆಯ ತಳದಲ್ಲಿ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದ್ದ ಭೂತಗನ್ನಡಿ ಕೂಗಿದಳೇ ಹೊರತು ತಲೆ ಎತ್ತಲಿಲ್ಲ.

ಬಾಣಲೆ ಎಂದರೆ ಒಲೆಯ ಮೇಲಿಡುವ ಬಾಣಲೆಯಲ್ಲ, ಗಾಬರಿ ಬೇಡ. ನೆಲವನ್ನು ಆಳಕ್ಕೆ ತೋಡಿ, ಸುತ್ತಲಿನ ಗೋಡೆಯನ್ನು ದುಂಡಗೆ ತೀಡಿ, ಕಾಂಕ್ರೀಟನ್ನು ನುಣ್ಣಗೆ ಉಜ್ಜಿ ಮಾಡಿದ ಸ್ಕೇಟ್‌ಪಾರ್ಕು ಅದು. ಗಾಲಿ ಹಲಗೆ ಹತ್ತುವವರಿಗೆ ಆ ಊರಿನಲ್ಲಿ ಮೂರು ಜಾಗಗಳಿದ್ದವು. ಮಾರುಕಟ್ಟೆಯ ಹಿಂದಿನ ಸಮತಟ್ಟು ಅಂಗಳಕ್ಕೆ ‘ಮಣೆ’ ಎಂದು ಹೆಸರು. ನಿನ್ನೆ ಮೊನ್ನೆ ಹಲಗೆ ಕೊಂಡವರು, ಮೊಮ್ಮಕ್ಕಳ ಜೊತೆ ತಾವೂ ಒಂದು ಕೈ ನೋಡೋಣ ಎಂದು ಬರುವ ಅಜ್ಜಂದಿರು ಬಿದ್ದೆದ್ದು ಕಲಿಯುವುದು ಅಲ್ಲಿ. ಮೇಲ್ಸೇತುವೆಯ ಕೆಳಗಿನದು ‘ಜಗಲಿ’. ಮೊಣಕಾಲೆತ್ತರದ ಕಟ್ಟೆಗಳು, ಮೆಟ್ಟಿಲು, ಜಾರಲು ಕಬ್ಬಿಣದ ಕಂಬಿ. ಬಿಸಿಲೂ ತಾಗದು, ಮಳೆಯೂ ಬೀಳದು, ಅರ್ಧಂಬರ್ಧ ಕಲಿತವರಿಗೆ ಅದೇ ಸ್ವರ್ಗ. ಮೂರನೆಯದು ಈ ಬಾಣಲೆ, ಪಳಗಿದವರ ಜಾಗ. ಮೊದಲು ಮಣೆ, ಆಮೇಲೆ ಜಗಲಿ, ಕೊನೆಗೆ ಬಾಣಲೆ ಎನ್ನುವುದು ಗಾರೆ ಮೇಷ್ಟ್ರ ಪಾಠ. ಬಾಣಲೆಯನ್ನು ಕಟ್ಟಿದವರೂ ಅವರೇ, ಅದರೊಳಗೆ ಇಳಿಯುವುದನ್ನು ಕಲಿಸುವವರೂ ಅವರೇ.

ಕಳೆದ ಭಾನುವಾರ ಬೆಳಗ್ಗೆ ಈ ಬಾಣಲೆಯಲ್ಲಿ ಬಿದ್ದ ಚಿಟ್ಟೆ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಚಿಟ್ಟೆ ಭೂತಗನ್ನಡಿಯ ಅಕ್ಕನ ಮಗಳು, ಹೈಸ್ಕೂಲು ಹುಡುಗಿ.

ಭೂತಗನ್ನಡಿಗೆ ಆ ಹೆಸರಿಟ್ಟದ್ದು ಅವಳ ಆಫೀಸಿನವರು. ವಿಮಾ ಕಂಪನಿಯಲ್ಲಿ ಅಪಘಾತಗಳ ಸುಳ್ಳು ನಿಜ ಬೇರ್ಪಡಿಸುವುದು ಅವಳ ಕೆಲಸ. ಕಾರು ಗೋಡೆಗೆ ಗುದ್ದಿದ್ದೋ, ಯಜಮಾನನೇ ಗುದ್ದಿಸಿದ್ದೋ, ಬೆಂಕಿ ಹತ್ತಿದ್ದೋ ಹಚ್ಚಿದ್ದೋ, ಅವಳು ಒಂದು ಸುತ್ತು ಹಾಕಿ ಬಂದರೆ ಗೊತ್ತಾಗಿಬಿಡುತ್ತಿತ್ತು. ಆದರೆ ಈ ಸಲ ಸುತ್ತು ಹಾಕುವಾಗ ಕಾಲು ಭಾರವಾಗಿತ್ತು. ಚಿಟ್ಟೆಗೆ ಹಲಗೆ ಕೊಡಿಸಿದ್ದು ಅವಳೇ. ರಜೆ ಬಂದಾಗಲೆಲ್ಲ ಕೈಹಿಡಿದು ಮೂರು ಪಾರ್ಕುಗಳನ್ನು ತೋರಿಸಿದ್ದೂ ಅವಳೇ. "ನಿನ್ನ ಮಾತು ಕೇಳಿ ಕಳಿಸಿದೆನಲ್ಲೇ" ಎಂದು ಅಕ್ಕ ಆಸ್ಪತ್ರೆಯ ಬಾಗಿಲಲ್ಲಿ ಒಂದೇ ಒಂದು ಸಲ ಅಂದಿದ್ದಳು. ಆ ಒಂದು ಸಲವೇ ಸಾಕಾಗಿತ್ತು.

"ಬನ್ನಿ, ಈ ಕಡೆಯಿಂದ ಬನ್ನಿ. ಇದನ್ನ ನೋಡಿ."

ಮೇಷ್ಟ್ರು ಪಕ್ಕದಲ್ಲಿ ಕೂತರು. ಬಾಣಲೆಯ ತಳದ ತುಂಬ ಗಾಲಿಗಳ ಗುರುತು, ಹಾಗಲ ಬಳ್ಳಿ ಹಬ್ಬಿದಂತೆ, ಎಲ್ಲವೂ ಬಾಗಿದವು. ಅವುಗಳ ಮಧ್ಯೆ ನೇರಳೆ ಬಣ್ಣದ ಒಂದು ಗೆರೆ ಮಾತ್ರ ಅಡಿಕೋಲು ಇಟ್ಟು ಎಳೆದಂತೆ ಈ ಗೋಡೆಯಿಂದ ಎದುರು ಗೋಡೆಗೆ ಹೋಗಿತ್ತು.

"ನೇರಳೆ ಗಾಲಿ ಊರಲ್ಲಿ ಬೇರೆ ಯಾರಿಗಿದೆ?"

"ಚಿಟ್ಟೆಗೆ ಮಾತ್ರ."

"ಇಲ್ಲಿ ಎಡಕ್ಕೆ ತಿರುಗಬೇಕಿತ್ತು ಅಲ್ವಾ? ಎಲ್ಲರೂ ತಿರುಗಿದ್ದಾರೆ."

"ಹೆದರಿಕೆಯಲ್ಲಿ ಕಾಲು ಮರಗಟ್ಟಿಬಿಡುತ್ತೆ ಕಣಮ್ಮ. ಹೊಸಬರಿಗೆ..."

"ಹೆದರಿ ಮರಗಟ್ಟಿದ್ರೆ ಗೆರೆ ಎರಡೂ ಕಡೆ ಒಂದೇ ಸಮ ಇರ್ತಿತ್ತು. ಇದರ ಎಡ ಅಂಚು ನೋಡಿ, ಎಷ್ಟು ಗಾಢವಾಗಿದೆ. ಹುಡುಗಿ ಎಡಕ್ಕೆ ಒತ್ತಿದ್ದಾಳೆ, ಜೀವ ಬಿಟ್ಟು ಒತ್ತಿದ್ದಾಳೆ. ಹಲಗೆ ಮಾತು ಕೇಳಿಲ್ಲ."

ಮೇಷ್ಟ್ರು ಹೆಬ್ಬೆರಳಿನಿಂದ ಆ ಗೆರೆಯ ಪಕ್ಕದ ಕಾಂಕ್ರೀಟನ್ನು ಸುಮ್ಮನೆ ಸವರಿದರು.

"ಹಾಗಾದ್ರೆ ಹಲಗೆಗೆ ಯಾರೋ ಕೈ ಹಾಕಿದ್ದಾರೆ."

ಮಾತು ಮೇಲಿನಿಂದ ಬಂತು. ಬಾಣಲೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವಳು ಮೇಷ್ಟ್ರ ಮಗಳು ಮಿಡತೆ. ಇಪ್ಪತ್ತು ದಾಟಿದವಳು, ಹಲಗೆಯ ಮೇಲೆ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ, ನಾಲಿಗೆಯಲ್ಲೂ ಇರಲಿಲ್ಲ.

"ನೀನು ಸುಮ್ನಿರು," ಎಂದರು ಅಪ್ಪ, ಅವಸರವಾಗಿ.

"ಯಾಕಪ್ಪ ಸುಮ್ನಿರ್ಲಿ? ನಾನೇ ಮಾಡಿದೀನಿ ಅಂತ ಊರೆಲ್ಲ ಪಿಸುಗುಡ್ತಿದೆ. ಹೌದು, ಶನಿವಾರ ಜಗಳ ಆಡಿದ್ದೆ. ಬಾಣಲೆ ನಿನ್ನ ಅಜ್ಜಿಮನೆ ಅಂದ್ಕೊಂಡಿದೀಯಾ, ಮೊದಲು ಜಗಲಿಯಲ್ಲಿ ನೆಟ್ಟಗೆ ನಿಲ್ಲೋದು ಕಲಿ ಅಂದಿದ್ದೆ. ಅಂದದ್ದು ತಪ್ಪಾ ಚಿಕ್ಕಮ್ಮ?"

ಚಿಟ್ಟೆಗೆ ಚಿಕ್ಕಮ್ಮ ಆದಮೇಲೆ ಹಲಗೆ ಹತ್ತುವವರಿಗೆಲ್ಲ ಅವಳು ಚಿಕ್ಕಮ್ಮನೇ.

"ಅಂದದ್ದು ತಪ್ಪಲ್ಲ," ಎಂದಳು ಭೂತಗನ್ನಡಿ. "ಆಮೇಲೆ ಏನಾದ್ರೂ ಮಾಡಿದ್ಯಾ ಅನ್ನೋದು ಪ್ರಶ್ನೆ."

ಮಿಡತೆ ಎದ್ದು ಹೋದಳು. ಮೇಷ್ಟ್ರ ಕಣ್ಣು ಮಗಳ ಬೆನ್ನಿಗೇ ಅಂಟಿಕೊಂಡಿತ್ತು. ಇದನ್ನೂ ಭೂತಗನ್ನಡಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಗೇಟಿನ ಹತ್ತಿರ ಇನ್ನೊಂದು ಗಂಟು ಸಿಕ್ಕಿತು. ‘ಎಲ್ಲ ಮಟ್ಟದವರಿಗೂ ಸ್ವಾಗತ’ ಎಂದು ಮೇಷ್ಟ್ರೇ ಕೈಯಾರೆ ಬರೆದಿದ್ದ ಫಲಕಕ್ಕೆ ಯಾರೋ ಹೊಸದಾಗಿ ಸುಣ್ಣ ಬಳಿದಿದ್ದರು. ಸುಣ್ಣದ ಡಬ್ಬ ಇನ್ನೂ ಅಲ್ಲೇ ಇತ್ತು, ಜೊತೆಗೆ ಬಂದ ಮೇಷ್ಟ್ರ ಬೆರಳಿಗೂ ಸುಣ್ಣ ಅಂಟಿತ್ತು.

"ಯಾಕೆ ಅಳಿಸಿದ್ರಿ ಮೇಷ್ಟ್ರೇ?"

"ಗಾರೆ ಕೆಲಸದವನಿಗೆ ಮಟ್ಟ ಅಂದ್ರೆ ಗೋಡೆಗೆ ಇಡೋ ರಸಮಟ್ಟ. ಗುಳ್ಳೆ ನಡುವೆ ನಿಂತ್ರೆ ಸರಿ, ಇಲ್ಲಾಂದ್ರೆ ತಪ್ಪು. ಮನುಷ್ಯರ ಮಟ್ಟ ನಾನು ಯಾವತ್ತೂ ಸರಿಯಾಗಿ ನೋಡ್ಲಿಲ್ಲ ಅನ್ನಿಸ್ತು, ಅಳಿಸಿದೆ," ಎಂದರು ಮೇಷ್ಟ್ರು. "ಅಲ್ಲ, ಈ ಪಾರ್ಕನ್ನ ಮುಚ್ಚಿಸ್ತಾರಂತೆ ಹೌದಾ? ಮಣ್ಣು ತುಂಬಿಸಿಬಿಡ್ತಾರಂತೆ?"

"ಸಂಜೆ ಇನ್‌ಸ್ಪೆಕ್ಟರು ಹಲಗೆ ತಗೊಂಡು ಬರ್ತಾರೆ. ಅಕ್ಕನೂ ಬರ್ತಾಳೆ. ಅಷ್ಟರಲ್ಲಿ ಹೇಗಾಯ್ತು, ಯಾರು ಕಾರಣ ಅಂತ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಹಲಗೆ ಶನಿವಾರ ಯಾರ ಕೈಯಲ್ಲಿತ್ತು?"

"ಜಗಲಿ ಹತ್ರ ಗಾಲಿ ಅಂಗಡಿ ಇದ್ಯಲ್ಲ, ಅವನನ್ನ ಕೇಳಿ."

ಕೊಟ್ಟ ಮಾತಿನ ಹಮ್ಮು ಇನ್ನೂ ಇಳಿದಿರಲಿಲ್ಲ. ಭೂತಗನ್ನಡಿ ದಾಪುಗಾಲು ಹಾಕಿ ಹೊರಟಳು.

ಮೇಲ್ಸೇತುವೆಯ ಕೆಳಗೆ ಜಗಲಿ ಗಿಜಿಗುಡುತ್ತಿತ್ತು. ಕಟ್ಟೆಯ ಅಂಚಿಗೆ ಹಲಗೆ ಉಜ್ಜುವ ಸದ್ದು, ಯಾರೋ ಬಿದ್ದಾಗ ಒಟ್ಟಿಗೆ ಏಳುವ "ಅಯ್ಯಯ್ಯೋ", ಎದ್ದಾಗ ಚಪ್ಪಾಳೆ. ಕಂಬಗಳ ಮಧ್ಯೆ ಡಬ್ಬದಂಥ ಅಂಗಡಿಯೊಳಗೆ ಗಾಲಿ ಅಂಗಡಿಯವನು ಬಾಯಲ್ಲಿ ತಿರುಪು ಕಚ್ಚಿಕೊಂಡು ಹಲಗೆ ಜೋಡಿಸುತ್ತಿದ್ದ. ಕಚ್ಚಿಕೊಂಡದ್ದು ಒಳ್ಳೆಯದೇ, ಬಾಯಿ ಖಾಲಿ ಇದ್ದರೆ ಅವನನ್ನು ನಿಲ್ಲಿಸುವುದು ಕಷ್ಟ.

"ಬನ್ನಿ ಚಿಕ್ಕಮ್ಮ! ಚಿಟ್ಟೆ ಹೇಗಿದ್ದಾಳೆ? ಮಣೆಯಲ್ಲಿ ಆ ಪಿಂಚಣಿ ತಾತ ದಿನಾ ಕೇಳ್ತಾರೆ, ನನ್ನ ಗುರು ಯಾವಾಗ ಬರ್ತಾಳೆ ಅಂತ. ತಾತಂಗೆ ನಿಲ್ಲೋದು ಹೇಳಿಕೊಟ್ಟಿದ್ದು ಅವಳೇ ಅಲ್ವಾ? ಎಂಥಾ ಊರು ನಮ್ದು, ಎಂಟು ವರ್ಷದವರಿಗೂ ಜಾಗ ಇದೆ, ಎಂಬತ್ತು ವರ್ಷದವರಿಗೂ..."

"ಶನಿವಾರ ಅವಳ ಹಲಗೆ ನಿನ್ನ ಹತ್ರ ಬಂದಿತ್ತಾ?"

ಅಂಗಡಿಯವನು ತಿರುಪನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. ಮುಖ ಸಣ್ಣದಾಯಿತು.

"ಬಂದಿತ್ತು. ‘ಅಣ್ಣಾ, ನಾಳೆ ಬಾಣಲೆಗೆ ಇಳೀತೀನಿ, ಹಲಗೆ ಸಡಿಲ ಮಾಡಿಕೊಡು, ಚಿಕ್ಕಮ್ಮಂಗೆ ಮಾತ್ರ ಹೇಳ್ಬೇಡ’ ಅಂದ್ಲು. ಹೇಳ್ಬೇಕಿತ್ತು ನಾನು. ಹೇಳಿದ್ರೆ ನೀವು ತಡೀತಿದ್ರಿ. ಆ ಪಾಪ ನನ್ನ ತಲೆ ಮೇಲೇ ಇರ್ಲಿ."

"ಸಡಿಲ ಅಂದ್ರೆ ಏನನ್ನ ಸಡಿಲ?"

"ಇದನ್ನ."

ಅವನು ಹೊಸ ಹಲಗೆಯೊಂದನ್ನು ಅಂಗಾತ ಮಾಡಿದ. ಅಡಿಯಲ್ಲಿ ಮುಂದೊಂದು ಹಿಂದೊಂದು ಕಬ್ಬಿಣದ ಅಚ್ಚು, ಅಚ್ಚಿನ ತುದಿಗೆ ಗಾಲಿ. ಅಚ್ಚಿನ ನಡುವೆ ರಬ್ಬರಿನ ಉಂಗುರದ ಮೇಲೆ ಫಳಫಳ ಹೊಳೆಯುವ ದಪ್ಪ ನಟ್ಟು.

"ಮೇಲೆ ಪಾದ ಒತ್ತಿದ್ರೆ ಈ ರಬ್ಬರು ಅಮುಕುತ್ತೆ, ಹಲಗೆ ಆ ಕಡೆ ತಿರುಗುತ್ತೆ. ನಟ್ಟು ಬಿಗಿ ಇದ್ರೆ ತಿರುಗಲ್ಲ. ಮಣೆಯಲ್ಲಿ ಕಲಿಯೋರಿಗೆ ಬಿಗಿ ಇದ್ರೇ ಒಳ್ಳೇದು, ಅಲ್ಲಾಡಲ್ಲ. ನಿಮಗೂ ಹೇಳಿದ್ನಲ್ಲ, ಹಲಗೆ ತಗೊಂಡ ದಿನ? ಅದೇ ಬಿಗಿ ಹಲಗೆ ತಗೊಂಡು ಬಾಣಲೆಗೆ ಇಳಿದ್ರೆ..."

ಅವನ ಮಾತು ಮುಂದೆ ಹೋಯಿತು. ಭೂತಗನ್ನಡಿ ಹಿಂದೆ ಉಳಿದಳು. ಆ ಹೊಳೆಯುವ ನಟ್ಟನ್ನು ಅವಳ ಕಣ್ಣಿಗಿಂತ ಮೊದಲು ಅವಳ ಬಲಗೈ ಗುರುತು ಹಿಡಿದಿತ್ತು.

ಶನಿವಾರ ಸಂಜೆ, ಅಕ್ಕನ ಮನೆ. ಅಕ್ಕ ಹೊಲಿಗೆಯವಳು. ಅಂದು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಸೂಜಿಗೆ ಪೋಣಿಸುತ್ತ ಕೂತಿದ್ದಳು. "ನಿನ್ನ ಮೆಷೀನಿನ ದೊಡ್ಡ ಸ್ಪ್ಯಾನರ್ ಸ್ವಲ್ಪ ತಗೊಳ್ಲಾ?" ಎಂದರೆ, ಬಾಯಿ ತೆರೆದರೆ ದಾರ ನುಂಗಿಬಿಟ್ಟೇನು ಎನ್ನುವವಳಂತೆ ಮೂಗಿನಲ್ಲೇ "ಹೂಂ" ಅಂದಿದ್ದಳು. ಬಾಗಿಲ ಹಿಂದೆ ಚಿಟ್ಟೆಯ ಹಲಗೆ ಒರಗಿಸಿತ್ತು. ಭೂತಗನ್ನಡಿ ಅದರ ಮೇಲೆ ಒಂದು ಕಾಲಿಟ್ಟು ನೋಡಿದ್ದಳು. ಮುರುಕು ಮಂಚದ ಹಾಗೆ ಓಲಾಡಿತು. ‘ಅಂಗಡಿಯವನಿಗೆ ಬುದ್ಧಿ ಇಲ್ಲ, ಹೊಸಬರಿಗೆ ಬಿಗಿ ಇರಬೇಕು ಅಂತ ಅವನೇ ಹೇಳಿದ್ದ’ ಎಂದುಕೊಂಡು, ಹೊಳೆಯುವ ನಟ್ಟಿಗೆ ಗೀರು ಬಿದ್ದೀತೆಂದು ಅಕ್ಕನ ಚಿಂದಿ ಬುಟ್ಟಿಯಿಂದ ಕಿತ್ತಳೆ ಬಣ್ಣದ ಅಸ್ತರಿನ ತುಂಡೊಂದನ್ನು ಹೆಕ್ಕಿ ಮೇಲೆ ಹೊದಿಸಿ, ಮುಂದಿನ ನಟ್ಟನ್ನು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ್ದಳು. ಹಿಂದಿನದಕ್ಕೂ ಕೈ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಚಿಟ್ಟೆಯ ಹೆಜ್ಜೆ. ತನ್ನ ಹಲಗೆ ಮುಟ್ಟಿದರೆ ಆ ಹುಡುಗಿ ಮನೆ ಹೆಂಚು ಹಾರಿಸುತ್ತಾಳೆ. ಸದ್ದಿಲ್ಲದೆ ಒರಗಿಸಿ ಬಂದುಬಿಟ್ಟಳು, ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಖುಷಿಯಲ್ಲಿ.

ಆಮೇಲೆ ಅದು ನೆನಪಿಗೇ ಬಂದಿರಲಿಲ್ಲ. ಪುಣ್ಯದ ಲೆಕ್ಕಕ್ಕೆ ಬರೆದುಕೊಂಡದ್ದನ್ನು ಪಾಪದ ಲೆಕ್ಕದಲ್ಲಿ ಯಾರು ಹುಡುಕುತ್ತಾರೆ?

"...ಮತ್ತೆ ಯಾರಾದ್ರೂ ಬಿಗಿದಿದ್ರೆ ಅವರು ಕೊಲೆಗಾರರೇ ಬಿಡಿ ಚಿಕ್ಕಮ್ಮ," ಎನ್ನುತ್ತಿದ್ದ ಅಂಗಡಿಯವನು. "ಹಲಗೆ ಗೊತ್ತಿರೋರು ಯಾರೂ ಆ ಕೆಲಸ ಮಾಡಲ್ಲ. ಒಂದೋ ಹಗೆ ಇರೋರು ಮಾಡ್ಬೇಕು, ಇಲ್ಲಾ ಏನೂ ಗೊತ್ತಿಲ್ಲದ ದಡ್ಡರು ಮಾಡ್ಬೇಕು."

"ದಡ್ಡರೇ ಅಂತಿಟ್ಕೋ." ಅವಳು ಆ ನಟ್ಟನ್ನು ಬೆರಳಲ್ಲಿ ಮುಟ್ಟಿದಳು. "ಒಂದೇ ನಟ್ಟು ಬಿಗಿ ಇದ್ರೆ?"

"ಒಂದೇ ಆದ್ರೆ ಹಲಗೆ ಹಟ ಮಾಡುತ್ತೆ, ನಿಧಾನ ತಿರುಗುತ್ತೆ. ಚಿಟ್ಟೆ ನಿಭಾಯಿಸ್ತಿದ್ಲು. ಎರಡೂ ಬಿಗಿದ್ರೆ ಅದು ಹಲಗೆ ಅಲ್ಲ, ರೈಲು. ಯಾಕೆ ನಿಮ್ಮ ಮುಖ ಬಿಳಿಚಿಕೊಳ್ತು? ನೀರು ಕುಡೀತೀರಾ?"

ಕುಡಿಯಲಿಲ್ಲ. ಅಂಗಡಿಯಿಂದ ಹೊರಬಂದವಳೇ ಜಗಲಿಯ ಒಂದು ಕಟ್ಟೆಯ ಮೇಲೆ ಕುಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಇಷ್ಟು ವರ್ಷ ಹಿಡಿದು ಹಿಡಿದು ಆಫೀಸಿಗೆ ಒಪ್ಪಿಸಿದವಳು ಅವಳು. ಈಗ ಹೆಗಲ ಮೇಲೆ ಇಡೀ ತೋಟವೇ ಇತ್ತು.

ನಾನು ಮಾಡಿದ್ದು ಒಂದೇ ನಟ್ಟು, ಅದು ಸಾಲದು ಎಂದು ಅವನೇ ಹೇಳಿದನಲ್ಲ ಎಂದು ಮನಸ್ಸು ಕುಂಟು ನೆಪ ಹುಡುಕಿತು. ಆ ನೆಪ ಹುಡುಕಿದ್ದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಮಗು ಎಡಕ್ಕೆ ಒತ್ತಿದ್ದಾಳೆ, ಜೀವ ಬಿಟ್ಟು ಒತ್ತಿದ್ದಾಳೆ ಎಂದು ಬೆಳಗ್ಗೆ ತಾನೇ ಎಷ್ಟು ಠೀವಿಯಿಂದ ಹೇಳಿದ್ದಳು! ಕಟ್ಟೆಯ ಮೇಲೆ ಕೂತು ಅವಳು ಅತ್ತಳು. ಹಲಗೆ ಹಿಡಿದ ಪುಟ್ಟ ಹುಡುಗಿಯೊಬ್ಬಳು ಬಂದು, "ಬಿದ್ರಾ ಆಂಟಿ? ನಾನೂ ಬಿದ್ದೆ, ಸರಿ ಹೋಗುತ್ತೆ," ಎಂದು ಸಮಾಧಾನ ಹೇಳಿ ಹೋದಳು.

ಹೇಳಿಬಿಡುವುದು. ಎಲ್ಲರ ಮುಂದೆ ಹೇಳಿಬಿಡುವುದು. ಅಕ್ಕ ಕಪಾಳಕ್ಕೆ ಬಾರಿಸಿದರೆ ಬಾರಿಸಲಿ, ಮನೆ ಬಾಗಿಲು ಮುಚ್ಚಿದರೆ ಮುಚ್ಚಲಿ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು: ‘ಅಕ್ಕ, ಬಿಗಿದದ್ದು ನಾನು.’ ಇಷ್ಟೇ ಮಾತು, ಮಗು ಕೂಡ ಹೇಳಬಹುದು.

ಬಾಣಲೆಯ ಪಕ್ಕದ ಸಾಮಾನು ಕೋಣೆಗೆ ಬಂದಾಗ ಎಲ್ಲರೂ ಸೇರಿಬಿಟ್ಟಿದ್ದರು. ಇಳಿಬಿಸಿಲು ಕಿಟಕಿಯಿಂದ ನೇರವಾಗಿ ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಚಿಟ್ಟೆಯ ಹಲಗೆ, ಪ್ಲಾಸ್ಟಿಕ್ ಚೀಲದೊಳಗೆ. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ, ಮೇಷ್ಟ್ರು ಗೋಡೆಗೆ ಒರಗಿ, ಮಿಡತೆ ಕಿಟಕಿಯ ಹತ್ತಿರ. ಅಕ್ಕ ಬಾಗಿಲಲ್ಲೇ ನಿಂತಿದ್ದವಳು ತಂಗಿಯನ್ನು ಕಂಡದ್ದೇ ತಡ, ಬಂದು ಎರಡೂ ಕೈ ಹಿಡಿದುಕೊಂಡಳು. ನಿದ್ದೆಗೆಟ್ಟ ಕಣ್ಣು, ಎಣ್ಣೆ ಕಾಣದ ತಲೆ.

"ಸಿಕ್ಕಿದ್ರಾ? ಹೇಳೇ, ಯಾರು? ನಿನ್ನ ಕೈಲಿ ಆಗೇ ಆಗುತ್ತೆ ಅಂತ ಡಾಕ್ಟ್ರಿಗೂ ಹೇಳಿ ಬಂದಿದೀನಿ."

"ಅಕ್ಕ, ಸ್ವಲ್ಪ ಕೂತ್ಕೋ."

"ಕೂರಲ್ಲ. ಯಾರು ಹೇಳು."

"ಅಕ್ಕ..." ಬಾಯಿಪಾಠ ಮಾಡಿದ್ದೆಲ್ಲ ಹೊಟ್ಟೆಯೊಳಕ್ಕೆ ಇಳಿದುಹೋಯಿತು. ನಾಳೆ ಹೇಳಿದರಾಗದೇ, ಮಗು ಕಣ್ಣು ಬಿಟ್ಟ ಮೇಲೆ ಹೇಳಿದರಾಗದೇ ಎಂದು ಒಳಗಿನ ಹೇಡಿ ಪಿಸುಗುಟ್ಟಿತು. ಅಷ್ಟೇ ಸಾಕಾಯಿತು.

"ನಾನು," ಎಂದರು ಗಾರೆ ಮೇಷ್ಟ್ರು.

ಇನ್‌ಸ್ಪೆಕ್ಟರು ಕುರ್ಚಿಯಲ್ಲೇ ಅವರತ್ತ ತಿರುಗಿದರು.

"ಅಪ್ಪಾ?" ಎಂದಳು ಮಿಡತೆ.

"ನಾನೇ ಬಿಗಿದೆ. ಇವರು ಬೆಳಗ್ಗೆ ಗೆರೆ ತೋರಿಸಿದಾಗಲೇ ಹೇಳ್ಬೇಕಿತ್ತು, ಧೈರ್ಯ ಸಾಲ್ಲಿಲ್ಲ." ಮೇಷ್ಟ್ರು ಅಕ್ಕನ ಕಡೆಗೆ ತಿರುಗಿ ಕೈ ಮುಗಿದರು. "ಭಾನುವಾರ ಮಗು ಒಬ್ಬಳೇ ಬಂದ್ಲು. ಇಳೀಬೇಡ ಅಂದೆ. ಗೇಟಿನ ಮೇಲೆ ‘ಎಲ್ಲ ಮಟ್ಟದವರಿಗೂ’ ಅಂತ ನೀವೇ ಬರೆದಿದೀರಲ್ಲ ಮೇಷ್ಟ್ರೇ, ನಾನು ಯಾವ ಮಟ್ಟ ಹೇಳಿ ಅಂತ ನಕ್ಕಳು. ಏನು ಹೇಳ್ಲಿ? ಮಂಡಿಗೆ ಕವಚ ಕಟ್ಕೊಳ್ತಾ ಕೂತಾಗ, ಅವ್ಳಿಗೆ ಕಾಣದ ಹಾಗೆ ಹಿಂದಿನ ನಟ್ಟು ಬಿಗಿದುಬಿಟ್ಟೆ. ಹಲಗೆ ಹಟ ಮಾಡುತ್ತೆ, ಬೇಜಾರಾಗಿ ಆ ಆಳ ಇಲ್ಲದ ಮೂಲೆಗೆ ಹೋಗ್ತಾಳೆ, ಇಲ್ಲಾ ಮಣೆಗೆ ವಾಪಸ್ ಹೋಗ್ತಾಳೆ ಅಂದ್ಕೊಂಡೆ. ಒಂದೇ ನಟ್ಟಿಗೆ ಯಾರೂ ಹೀಗೆ ಬೀಳಲ್ಲ ಸ್ವಾಮಿ. ಮೂವತ್ತು ವರ್ಷ ಹಲಗೆ ನೋಡಿದೀನಿ, ಯಾರೂ ಬೀಳಲ್ಲ. ಹೇಗೆ ಬಿದ್ಲೋ ನಂಗೆ ಈಗಲೂ ಅರ್ಥ ಆಗ್ತಿಲ್ಲ."

ಭೂತಗನ್ನಡಿಗೆ ಅರ್ಥವಾಯಿತು. ಕೋಣೆಯಲ್ಲಿ ಅರ್ಥವಾದದ್ದು ಅವಳೊಬ್ಬಳಿಗೇ. ಮುಂದಿನದು ಅವಳು, ಹಿಂದಿನದು ಇವರು. ಇಬ್ಬರೂ ಹುಡುಗಿ ಬೀಳದಿರಲೆಂದು ಒಂದೊಂದು ಬಿಗಿದರು. ಇಬ್ಬರ ಪ್ರೀತಿಯೂ ಸೇರಿ ಹಲಗೆಯನ್ನು ರೈಲು ಮಾಡಿತು.

"ಅಲ್ಲ ಮೇಷ್ಟ್ರೇ, ನೀವು ಯಾರ ಹಲಗೆ ಆದ್ರೂ ಕಾಲಿಟ್ಟು ಪರೀಕ್ಷೆ ಮಾಡಿಯೇ ಇಳಿಸೋರು," ಎಂದಳು ಭೂತಗನ್ನಡಿ. "ಅವತ್ತು ಯಾಕೆ ನೋಡ್ಲಿಲ್ಲ?"

"ಕಳ್ಳತನದಲ್ಲಿ ಮಾಡೋ ಕೆಲಸಕ್ಕೆ ಪರೀಕ್ಷೆ ಎಲ್ಲಿಂದ ಬರ್ಬೇಕಮ್ಮ?"

ಇನ್‌ಸ್ಪೆಕ್ಟರು ಹಲಗೆಯನ್ನು ಚೀಲದಿಂದ ತೆಗೆದು ಅಂಗಾತ ಮಾಡಿದರು. ಹಿಂದಿನ ನಟ್ಟನ್ನು ಬೆರಳಲ್ಲಿ ಹಿಡಿದು ನೋಡಿದರು. ಮುಂದಿನದನ್ನೂ ನೋಡಿದರು.

"ಎರಡೂ ಕಲ್ಲಿನ ಹಾಗಿವೆ. ಏನ್ರೀ, ಅರ್ಧ ನಿಜ ಹೇಳಿ ಅರ್ಧ ನುಂಗ್ತೀರಾ?"

"ಎರಡೂನಾ?" ಮೇಷ್ಟ್ರು ಗೋಡೆ ಬಿಟ್ಟು ಮುಂದೆ ಬಂದರು. ಬಗ್ಗಿ ನೋಡಿದರು. ಆಮೇಲೆ ನಿಧಾನವಾಗಿ ಅವರ ತಲೆ ಕಿಟಕಿಯ ಕಡೆಗೆ ತಿರುಗಿತು, ಮಗಳ ಕಡೆಗೆ. ಶನಿವಾರದ ಜಗಳ ಅವರ ಮುಖದ ಮೇಲೆ ಹಾದುಹೋದದ್ದು ಭೂತಗನ್ನಡಿಗೆ ಸ್ಪಷ್ಟವಾಗಿ ಕಂಡಿತು. ಮರುಗಳಿಗೆಯಲ್ಲಿ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು.

"ಹೌದು. ಎರಡೂ ನಾನೇ. ಮರೆತಿದ್ದೆ."

"ಅಪ್ಪಾ, ನನ್ನ ಮುಖ ನೋಡಿ ಯಾಕೆ ಹಾಗಂದ್ರಿ?" ಮಿಡತೆ ಚೀರಿದಳು. "ನಾನು ಮುಟ್ಟಿಲ್ಲ! ನಿಮ್ಮಾಣೆ ಅಪ್ಪ, ನಾನು ಅದನ್ನ ಮುಟ್ಟೇ ಇಲ್ಲ!"

"ಬಾಯಿ ಮುಚ್ಚು. ಎರಡೂ ನಾನೇ ಸ್ವಾಮಿ, ನಡೀರಿ."

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಸಾಲದು ಎಂದು, ಪಕ್ಕದ ಹೊಲದವನ ಎತ್ತಿನ ಮೇಲೆ ಅಪವಾದ ಬೇರೆ.

"ಇನ್‌ಸ್ಪೆಕ್ಟ್ರೇ, ಒಂದು ನಿಮಿಷ," ಎಂದಳು ಭೂತಗನ್ನಡಿ.

ಅವರು ಕೇಳಿಸಿಕೊಳ್ಳಲಿಲ್ಲ, ಬಾಗಿಲಾಚೆ ನಿಂತ ಪೇದೆಯನ್ನು ಕರೆಯಲು ಎದ್ದಿದ್ದರು. ಕೇಳಿಸಿಕೊಂಡವಳು ಅಕ್ಕ. ಆದರೆ ಅಕ್ಕನ ಕಣ್ಣು ತಂಗಿಯ ಮೇಲಿರಲಿಲ್ಲ, ಹಲಗೆಯ ಮೇಲಿತ್ತು. ಮಗಳು ಬಿದ್ದಂದಿನಿಂದ ಆ ಹಲಗೆಯನ್ನು ಅವಳು ನೋಡಿರಲಿಲ್ಲ. ಅಕ್ಕ ಹತ್ತಿರ ಹೋಗಿ ನೇರಳೆ ಗಾಲಿಯೊಂದನ್ನು ಮುಟ್ಟಿದಳು, ಮಗುವಿನ ಕೆನ್ನೆ ಮುಟ್ಟುವಂತೆ. ಬೆರಳು ಅಚ್ಚಿನ ಮೇಲೆ ಸರಿದು ಮುಂದಿನ ನಟ್ಟಿನ ಹತ್ತಿರ ನಿಂತಿತು.

ನಟ್ಟಿಗೂ ರಬ್ಬರಿಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಕೂದಲೆಳೆಯಷ್ಟು. ಇಳಿಬಿಸಿಲಿನಲ್ಲಿ ಅದು ಕಿತ್ತಳೆ ಬಣ್ಣಕ್ಕೆ ಹೊಳೆಯಿತು.

ಪೊಲೀಸರಿಗೆ ಕಾಣದ್ದು ಹೊಲಿಗೆಯವಳ ಕಣ್ಣಿಗೆ ಕಾಣದೆ ಹೋಗುತ್ತದೆಯೇ? ಉಗುರಿನ ತುದಿಯಲ್ಲಿ ಹಿಡಿದು ಅಕ್ಕ ಆ ಎಳೆಯನ್ನು ಎಳೆದಳು. ಬೆಳಕಿಗೆ ಹಿಡಿದಳು. ತಾನೇ ಕತ್ತರಿಸಿದ ಬಟ್ಟೆ, ತನ್ನದೇ ಬುಟ್ಟಿಗೆ ಬಿದ್ದ ಚಿಂದಿ. ಅವಳ ಹುಬ್ಬು ಗಂಟಿಕ್ಕಿತು, ಆಮೇಲೆ ಗಂಟು ಬಿಚ್ಚಿಕೊಂಡಿತು. ಶನಿವಾರ ಸಂಜೆ ಸ್ಪ್ಯಾನರ್ ಕೇಳಿದ್ದು ಯಾರು, ಹೂಂ ಅಂದದ್ದು ಯಾರು ಎಂಬುದು ನೆನಪಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು.

"ಅಕ್ಕ, ಅದನ್ನೇ ಹೇಳೋಕೆ ಬಂದೆ ನಾನು," ಎಂದಳು ಭೂತಗನ್ನಡಿ. ಕಣ್ಣೀರು ತಡೆಯಲಾಗಲಿಲ್ಲ. "ಅವರಿಗೆ ಕೊಡು ಅದನ್ನ."

ಅಕ್ಕ ಮುಷ್ಟಿ ಮುಚ್ಚಿದಳು. ಹತ್ತಿರ ಬಂದು, ತಂಗಿಗೆ ಮಾತ್ರ ಕೇಳುವಂತೆ ಅಂದಳು:

"ಒಬ್ಬಳು ಆಸ್ಪತ್ರೇಲಿ ಮಲಗಿದ್ದಾಳೆ. ಇನ್ನೊಬ್ಬಳನ್ನ ಜೈಲಿಗೆ ಕಳಿಸಿ ನಾನು ಯಾರ ಮುಖ ನೋಡ್ಕೊಂಡು ಬದುಕ್ಲಿ? ಅವರು ತಾವೇ ಒಪ್ಕೊಂಡಿದ್ದಾರೆ. ಸುಮ್ನಿರು."

"ಅವರು ಮಾಡಿದ್ದು ಒಂದೇ ಅಕ್ಕ. ಇನ್ನೊಂದು..."

"ಸುಮ್ನಿರು ಅಂದೆ."

"ಅಮ್ಮಾ, ಕೈಯಲ್ಲೇನದು?"

ಮಿಡತೆ ಕಿಟಕಿ ಬಿಟ್ಟು ಬಂದಿದ್ದಳು. ಅವಳ ಮುಖ ಒದ್ದೆಯಾಗಿತ್ತು, ಕಣ್ಣು ಮಾತ್ರ ಅಕ್ಕನ ಮುಷ್ಟಿಯ ಮೇಲೆ ನೆಟ್ಟಿತ್ತು. "ಹಲಗೆಯಿಂದ ಏನೋ ತೆಗೆದ್ರಿ ನೀವು. ನಾನು ನೋಡ್ದೆ. ಮುಷ್ಟಿ ತೆಗೀರಿ."

"ತೆಗಿ ಅಕ್ಕ," ಎಂದಳು ಭೂತಗನ್ನಡಿ.

ಅಕ್ಕ ಮುಷ್ಟಿಯನ್ನು ಬಾಯಿಯ ಹತ್ತಿರ ತಂದಳು. ಸೂಜಿಗೆ ಪೋಣಿಸುವ ಮೊದಲು ದಾರ ಒದ್ದೆ ಮಾಡಿಕೊಳ್ಳುವುದು ಅವಳ ಹುಟ್ಟಾ ಅಭ್ಯಾಸ, ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ತುಟಿ ತೆರೆಯಿತು, ಮುಚ್ಚಿತು. ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು. ಆಮೇಲೆ ಎರಡೂ ಅಂಗೈಗಳನ್ನು ಅಗಲವಾಗಿ ತೆರೆದು ಮಿಡತೆಯ ಮುಂದೆ ಹಿಡಿದಳು.

"ನೋಡ್ಕೊಳ್ಳಮ್ಮ. ಏನಿದೆ?"

ಏನೂ ಇರಲಿಲ್ಲ.

ಬಾಗಿಲಾಚೆ ಪೇದೆ ಮೇಷ್ಟ್ರ ತೋಳು ಹಿಡಿದಿದ್ದ. ಇನ್‌ಸ್ಪೆಕ್ಟರು ಹೊಸ್ತಿಲ ಮೇಲೆಯೇ ತಿರುಗಿ ನಿಂತರು. "ಏನದು ಗಲಾಟೆ?"

ಮಿಡತೆ ಅವರ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ.

"ಚಿಕ್ಕಮ್ಮ," ಎಂದಳು, "ನನ್ನ ಮಾತು ಇವರು ನಂಬಲ್ಲ. ನೀವೂ ನೋಡಿದ್ರಿ. ಹೇಳಿ, ಇವರು ನುಂಗಿದ್ದು ಏನು?"

ಅಕ್ಕನ ಒದ್ದೆ ಬೆರಳುಗಳು ಮೆಲ್ಲನೆ ಬಂದು ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡವು.